ಪ್ರಾಣಾಯಾಮ: ಮನಸ್ಸನ್ನು ಶಾಂತಗೊಳಿಸುವುದು ಆಕ್ಸಿಜನ್ನೇ?

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಪ್ರೌಢಶಾಲೆಗಳಿಗೆ ನಾನು ಆಗಾಗ ವಿಜ್ಞಾನ ಉಪನ್ಯಾಸಕ್ಕೆಂದು ಹೋಗುತ್ತೇನೆ. ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರವಾದಾಗ ಅಲ್ಲಿ ಒಂದು ದೃಶ್ಯ ಸಾಮಾನ್ಯ. ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ಕಣ್ಣು ಮುಚ್ಚಿ ಕುಳಿತು ಐದು ನಿಮಿಷ ಪ್ರಾಣಾಯಾಮ ಮಾಡುತ್ತಾರೆ. 'ಇದರಿಂದ ಏನು ಉಪಯೋಗ?' ಎಂದು ಕೇಳಿ ನೋಡಿ. ಮಕ್ಕಳೂ ಶಿಕ್ಷಕರೂ ಒಂದೇ ಉತ್ತರ ಕೊಡುತ್ತಾರೆ: 'ಮಿದುಳಿಗೆ ಹೆಚ್ಚು ಆಕ್ಸಿಜನ್ ಸಿಗುತ್ತದೆ, ಅದರಿಂದ ಮನಸ್ಸು ಶಾಂತವಾಗುತ್ತದೆ, ನೆನಪಿನ ಶಕ್ತಿ ಹೆಚ್ಚುತ್ತದೆ.'

ಅವರನ್ನು ದೂರಲಾರೆ. ಸುಮಾರು ಇಪ್ಪತ್ತು ವರ್ಷ ನಾನೂ ಇದೇ ಉತ್ತರ ಕೊಟ್ಟಿದ್ದೇನೆ. ಭೌತಶಾಸ್ತ್ರದ ಅಧ್ಯಾಪಕನಾಗಿ ಒಮ್ಮೆಯಾದರೂ ಅಳತೆ ಮಾಡಿ ನೋಡಬೇಕಿತ್ತು, ನೋಡಿರಲಿಲ್ಲ. 2020-21ರ ಕೋವಿಡ್ ದಿನಗಳಲ್ಲಿ ಎಲ್ಲರಂತೆ ನಾನೂ ಒಂದು ಪಲ್ಸ್ ಆಕ್ಸಿಮೀಟರ್ ಕೊಂಡೆ. ಬೆರಳಿನ ಮೂಲಕ ಕೆಂಪು ಮತ್ತು ಅವಕೆಂಪು ಬೆಳಕನ್ನು ಹಾಯಿಸಿ, ಎರಡೂ ಎಷ್ಟೆಷ್ಟು ಹೀರಲ್ಪಟ್ಟವು ಎಂಬುದರಿಂದ ರಕ್ತದ ಹಿಮೋಗ್ಲೋಬಿನ್ನಿನಲ್ಲಿ ಶೇಕಡಾ ಎಷ್ಟು ಭಾಗ ಆಕ್ಸಿಜನ್ ಹೊತ್ತಿದೆ ಎಂದು ತಿಳಿಸುವ ಪುಟ್ಟ ಉಪಕರಣ ಅದು. ಒಂದು ಬೆಳಿಗ್ಗೆ ಅದನ್ನು ಬೆರಳಿಗೆ ಸಿಕ್ಕಿಸಿಕೊಂಡು ಪ್ರಾಣಾಯಾಮಕ್ಕೆ ಕುಳಿತೆ. ಮೊದಲು 97 ತೋರಿಸಿತು. ಹತ್ತು ನಿಮಿಷಗಳ ನಂತರವೂ 97! ಮನಸ್ಸು ಮಾತ್ರ ನಿಜವಾಗಿಯೂ ಶಾಂತವಾಗಿತ್ತು.

ಅಂದರೆ ಪರಿಣಾಮ ನಿಜ, ನಾವು ಕೊಡುತ್ತಿದ್ದ ವಿವರಣೆ ತಪ್ಪು. ಈ ತಪ್ಪು ವಿವರಣೆಯಿಂದ ಆಗುವ ಹಾನಿ ಸಣ್ಣದಲ್ಲ. ಅದನ್ನು ತಿಳಿಯಲು ಮೊದಲು ಒಂದು ಉಸಿರಿನ ಲೆಕ್ಕ ನೋಡೋಣ.

ಒಂದು ಉಸಿರಿನ ಲೆಕ್ಕ

ಎದೆ ಮತ್ತು ಹೊಟ್ಟೆಯ ನಡುವೆ ವಪೆ ಎಂಬ ಗುಮ್ಮಟದಾಕಾರದ ಸ್ನಾಯು ಇದೆ. ಅದು ಸಂಕುಚಿಸಿ ಕೆಳಗಿಳಿದಾಗ ಎದೆಗೂಡಿನ ಗಾತ್ರ ಹೆಚ್ಚುತ್ತದೆ, ಒಳಗಿನ ಒತ್ತಡ ಇಳಿಯುತ್ತದೆ, ಹೊರಗಿನ ಗಾಳಿ ನುಗ್ಗುತ್ತದೆ. ಇದು ನೀವು ಪಾಠ ಮಾಡುವ ಬಾಯ್ಲನ ನಿಯಮವೇ. ಸಾಮಾನ್ಯ ಉಸಿರಿಗೆ ಬೇಕಾದ ಒತ್ತಡದ ವ್ಯತ್ಯಾಸ ಕೇವಲ 1 ಸೆಂಟಿಮೀಟರ್ ನೀರಿನ ಕಂಬದಷ್ಟು, ಅಂದರೆ ವಾಯುಮಂಡಲದ ಒತ್ತಡದ ಸಾವಿರದಲ್ಲಿ ಒಂದು ಭಾಗ.

ಆರಾಮವಾಗಿ ಕುಳಿತ ವಯಸ್ಕರು ಒಂದು ಉಸಿರಿನಲ್ಲಿ ಸುಮಾರು 500 ಮಿಲಿಲೀಟರ್ ಗಾಳಿ ಎಳೆದುಕೊಳ್ಳುತ್ತಾರೆ. ಇದರಲ್ಲಿ ಸುಮಾರು 150 ಮಿಲಿಲೀಟರ್ ಮೂಗು, ಗಂಟಲು, ಶ್ವಾಸನಾಳಗಳಲ್ಲೇ ಉಳಿದು ಹಾಗೆಯೇ ಹೊರಬೀಳುತ್ತದೆ. ಗಾಳಿಗೂಡುಗಳನ್ನು ತಲುಪುವುದು ಉಳಿದ 350 ಮಿಲಿಲೀಟರ್ ಮಾತ್ರ. ನಿಮಿಷಕ್ಕೆ 15 ಉಸಿರು ಎಂದುಕೊಂಡರೆ ಉಪಯೋಗಕ್ಕೆ ಬರುವ ಗಾಳಿ 15 × 350, ಅಂದರೆ 5.25 ಲೀಟರ್.

ಈಗ ಪ್ರಾಣಾಯಾಮದಲ್ಲಿ ಉಸಿರನ್ನು ನಿಮಿಷಕ್ಕೆ 6ಕ್ಕೆ ಇಳಿಸಿ, ಒಂದೊಂದು ಉಸಿರನ್ನೂ 1,000 ಮಿಲಿಲೀಟರಿಗೆ ಏರಿಸಿದಿರಿ ಎನ್ನೋಣ. ಆಗ 6 × 850, ಅಂದರೆ 5.1 ಲೀಟರ್. ಎರಡೂ ಹೆಚ್ಚುಕಡಿಮೆ ಒಂದೇ! ನಿಧಾನ ಉಸಿರಾಟದಲ್ಲಿ ವ್ಯರ್ಥವಾಗುವ ಗಾಳಿ ಕಡಿಮೆ ಎಂಬುದು ನಿಜ, ಆದರೆ ಗಾಳಿಗೂಡಿಗೆ ಹೋಗುವ ಗಾಳಿ ಹೆಚ್ಚಾಗಿಲ್ಲ. ಹೆಚ್ಚಾಗಿದ್ದರೂ ಪ್ರಯೋಜನವಿರಲಿಲ್ಲ. ಆರೋಗ್ಯವಂತರ ಹಿಮೋಗ್ಲೋಬಿನ್ ಮೊದಲೇ ಶೇಕಡಾ 97-98 ತುಂಬಿರುತ್ತದೆ. ತುಂಬಿದ ಕೊಡಕ್ಕೆ ಇನ್ನೆಷ್ಟು ನೀರು ಹಾಕಬಹುದು?

ಜೋರಾಗಿ ಉಸಿರಾಡಿದರೆ ಏನಾಗುತ್ತದೆ?

'ಹೆಚ್ಚು ಆಕ್ಸಿಜನ್ ಒಳ್ಳೆಯದು' ಎಂದು ನಂಬಿದ ವಿದ್ಯಾರ್ಥಿ ಮುಂದೆ ಏನು ಮಾಡುತ್ತಾನೆ? ಇನ್ನೂ ಜೋರಾಗಿ, ಇನ್ನೂ ವೇಗವಾಗಿ ಉಸಿರಾಡುತ್ತಾನೆ. ನಾನೇ ಮಾಡಿದ್ದೇನೆ. ಕಾಲೇಜಿನ ಹಾಸ್ಟೆಲಿನಲ್ಲಿದ್ದಾಗ ಒಂದು ಅಗ್ಗದ ಪುಸ್ತಕ ಓದಿ ಪರೀಕ್ಷೆಯ ದಿನ ನಸುಕಿನಲ್ಲಿ ಭಸ್ತ್ರಿಕಾ ಶುರುಮಾಡಿದೆ. ಎರಡು ನಿಮಿಷದಲ್ಲಿ ಕಿವಿಯಲ್ಲಿ ಗುಂಯ್ ಎನ್ನತೊಡಗಿತು, ತುಟಿ ಮತ್ತು ಬೆರಳುಗಳು ಜುಮ್ಮೆಂದವು, ಕೈಬೆರಳು ಸೆಟೆದುಕೊಂಡವು. ಕುಂಡಲಿನಿಯೇ ಎದ್ದಿತೆಂದು ನಾನು ತಿಳಿದೆ. ಕೋಣೆಯ ಗೆಳೆಯರು ಗಾಬರಿಯಿಂದ ಮುಖಕ್ಕೆ ನೀರು ಚಿಮುಕಿಸಿದರು. ಆ ದಿನದ ಪರೀಕ್ಷೆ ಹೇಗಾಯಿತೆಂದು ಹೇಳಬೇಕಾಗಿಲ್ಲ.

ನಡೆದದ್ದು ಇಷ್ಟೇ. ವೇಗವಾಗಿ, ಆಳವಾಗಿ ಉಸಿರಾಡಿದಾಗ ರಕ್ತದಿಂದ ಕಾರ್ಬನ್ ಡೈಆಕ್ಸೈಡ್ ಅತಿಯಾಗಿ ಹೊರಹೋಗುತ್ತದೆ. ರಕ್ತದಲ್ಲಿ ಅದರ ಆಂಶಿಕ ಒತ್ತಡ ಸಾಮಾನ್ಯವಾಗಿ 40 ಮಿಲಿಮೀಟರ್ ಪಾದರಸದಷ್ಟು ಇರುತ್ತದೆ. ಒಂದೆರಡು ನಿಮಿಷಗಳಲ್ಲಿ ಇದು 25ರ ಆಸುಪಾಸಿಗೆ ಇಳಿಯಬಹುದು. ಮಿದುಳಿನ ರಕ್ತನಾಳಗಳು ಈ ಅನಿಲಕ್ಕೆ ಬಹಳ ಸೂಕ್ಷ್ಮ. ಅದರ ಒತ್ತಡ ಒಂದು ಮಿಲಿಮೀಟರ್ ಇಳಿದರೆ ಮಿದುಳಿಗೆ ಹರಿಯುವ ರಕ್ತ ಶೇಕಡಾ 2ರಿಂದ 4ರಷ್ಟು ಕಡಿಮೆಯಾಗುತ್ತದೆ. 15 ಮಿಲಿಮೀಟರ್ ಇಳಿದರೆ ಮೂರನೇ ಒಂದು ಭಾಗದಷ್ಟು ರಕ್ತವೇ ಖೋತಾ! ಜೊತೆಗೆ ರಕ್ತ ಕ್ಷಾರೀಯವಾಗಿ, ಅದರಲ್ಲಿನ ಮುಕ್ತ ಕ್ಯಾಲ್ಸಿಯಂ ಅಯಾನುಗಳು ಕಡಿಮೆಯಾಗಿ ನರಗಳು ಉದ್ರೇಕಗೊಳ್ಳುತ್ತವೆ. ಬೆರಳು ಜುಮ್ಮೆನ್ನುವುದು, ಸೆಟೆಯುವುದು ಇದರಿಂದಲೇ.

ಇನ್ನೊಂದು ಸ್ವಾರಸ್ಯವಿದೆ. ಕಾರ್ಬನ್ ಡೈಆಕ್ಸೈಡ್ ಕಡಿಮೆಯಾದಾಗ ಹಿಮೋಗ್ಲೋಬಿನ್ ಆಕ್ಸಿಜನ್ನನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಅಂಗಾಂಶಗಳಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. 1904ರಲ್ಲಿ ಇದನ್ನು ತೋರಿಸಿಕೊಟ್ಟವನು ಡೆನ್ಮಾರ್ಕಿನ ಕ್ರಿಶ್ಚಿಯನ್ ಬೋರ್. ಪರಮಾಣುವಿನ ರಚನೆಗೆ ಹೆಸರಾದ ನೀಲ್ಸ್ ಬೋರ್‌ನ ತಂದೆ! ಹೀಗೆ ಹೆಚ್ಚು ಗಾಳಿ ಎಳೆದವನ ಮಿದುಳಿಗೆ ಸಿಗುವುದು ಕಡಿಮೆ ಆಕ್ಸಿಜನ್.

ಇದು ಬರೀ ತಲೆಸುತ್ತಿನ ವಿಷಯವಲ್ಲ. ನಮ್ಮ ಭಾಗದ ಹುಡುಗರು ಬೇಸಿಗೆಯಲ್ಲಿ ಬಾವಿ, ಕಾಲುವೆ, ಘಟಪ್ರಭಾ ಹೊಳೆಯಲ್ಲಿ ಈಜುತ್ತಾರೆ. ನೀರೊಳಗೆ ಯಾರು ಹೆಚ್ಚು ಹೊತ್ತು ಇರುತ್ತಾರೆಂದು ಪಂತ ಕಟ್ಟಿ, ಮುಳುಗುವ ಮೊದಲು ಹತ್ತಿಪ್ಪತ್ತು ಸಲ ಜೋರಾಗಿ ಉಸಿರಾಡುತ್ತಾರೆ. 'ಉಸಿರು ಬೇಕು' ಎಂದು ನಮ್ಮನ್ನು ಎಚ್ಚರಿಸುವುದು ಆಕ್ಸಿಜನ್ನಿನ ಕೊರತೆಗಿಂತ ಮುಖ್ಯವಾಗಿ ಕಾರ್ಬನ್ ಡೈಆಕ್ಸೈಡಿನ ಏರಿಕೆ. ಅದನ್ನು ಮೊದಲೇ ಖಾಲಿ ಮಾಡಿಕೊಂಡ ಹುಡುಗನಿಗೆ ಎಚ್ಚರಿಕೆಯ ಗಂಟೆ ಬಾರಿಸುವುದೇ ಇಲ್ಲ. ಆಕ್ಸಿಜನ್ ಮುಗಿದು ನೀರೊಳಗೇ ಪ್ರಜ್ಞೆ ತಪ್ಪುತ್ತದೆ. ಶಿಕ್ಷಕರೇ, ಇದನ್ನು ತರಗತಿಯಲ್ಲಿ ತಪ್ಪದೆ ಹೇಳಿ.

ಹಾಗಾದರೆ ಶಾಂತಿ ಬರುವುದು ಎಲ್ಲಿಂದ?

ಇದಕ್ಕೆ ಉತ್ತರ ನಿಮ್ಮ ಮಣಿಕಟ್ಟಿನಲ್ಲೇ ಇದೆ. ತರಗತಿಯಲ್ಲಿ ಈ ಪ್ರಯೋಗ ಮಾಡಿ. ಒಬ್ಬ ವಿದ್ಯಾರ್ಥಿ ಆರಾಮವಾಗಿ ಕುಳಿತು 4 ಸೆಕೆಂಡು ಉಸಿರನ್ನು ಒಳಗೆ ಎಳೆಯಲಿ, 6 ಸೆಕೆಂಡು ಹೊರಗೆ ಬಿಡಲಿ. ಇನ್ನೊಬ್ಬ ಅವನ ನಾಡಿ ಹಿಡಿದು, ಪ್ರತಿ ಬಡಿತಕ್ಕೂ ಇನ್ನೊಂದು ಕೈಯಿಂದ ಮೇಜಿನ ಮೇಲೆ ಪೆನ್ಸಿಲ್ ತಟ್ಟಲಿ. ಉಳಿದವರು ಕಿವಿಗೊಟ್ಟು ಕೇಳಲಿ. ಉಸಿರು ಒಳಗೆ ಹೋಗುವಾಗ ತಟ್ಟುವಿಕೆ ಚುರುಕಾಗುತ್ತದೆ, ಹೊರಗೆ ಹೋಗುವಾಗ ನಿಧಾನವಾಗುತ್ತದೆ. ಮಕ್ಕಳಲ್ಲಿ ಇದು ಸ್ಪಷ್ಟವಾಗಿ ಕೇಳಿಸುತ್ತದೆ. ನನ್ನಂತಹ ಐವತ್ತು ದಾಟಿದವರಲ್ಲಿ ಸ್ವಲ್ಪ ಕಡಿಮೆ. ಈ ಏರಿಳಿತವನ್ನು ಜರ್ಮನಿಯ ಕಾರ್ಲ್ ಲುಡ್ವಿಗ್ 1847ರಲ್ಲೇ ಉಪಕರಣದಿಂದ ದಾಖಲಿಸಿದ್ದ.

ಹೃದಯದ ಬಡಿತವನ್ನು ಎರಡು ನರವ್ಯೂಹಗಳು ನಿಯಂತ್ರಿಸುತ್ತವೆ. ಅನುವೇದನಾ ನರವ್ಯೂಹ ವೇಗವರ್ಧಕವಿದ್ದಂತೆ. ಪರಾನುವೇದನಾ ನರವ್ಯೂಹ ಬ್ರೇಕ್ ಇದ್ದಂತೆ. ಈ ಬ್ರೇಕಿನ ಮುಖ್ಯ ತಂತಿಯೇ ಮಿದುಳಿನ ಬುಡದಿಂದ ಎದೆ, ಹೊಟ್ಟೆಗಳಿಗೆ ಇಳಿಯುವ ವೇಗಸ್ ನರ. ಉಸಿರೆಳೆಯುವಾಗ ಬ್ರೇಕ್ ಸಡಿಲವಾಗುತ್ತದೆ, ಬಿಡುವಾಗ ಬಿಗಿಯಾಗುತ್ತದೆ. ಹೃದಯ, ಜಠರ, ರಕ್ತನಾಳ ಯಾವುದೂ ನಮ್ಮ ಮಾತು ಕೇಳುವುದಿಲ್ಲ. 'ಹೃದಯವೇ, ನಿಧಾನವಾಗು' ಎಂದರೆ ಅದು ನಿಧಾನವಾಗದು. ಆದರೆ ಉಸಿರು ವಿಶಿಷ್ಟ. ಅದು ತಾನಾಗಿಯೂ ನಡೆಯುತ್ತದೆ, ನಾವು ಹೇಳಿದಂತೆಯೂ ನಡೆಯುತ್ತದೆ. ಆದ್ದರಿಂದ ಆ ಬ್ರೇಕಿನ ಮೇಲೆ ಕಾಲಿಡಲು ನಮಗೆ ಸಿಕ್ಕ ಸುಲಭವಾದ ದಾರಿ ಉಸಿರಾಟವೇ, ಅದರಲ್ಲೂ ದೀರ್ಘವಾದ ರೇಚಕ.

2017ರಲ್ಲಿ ಇಲಿಗಳ ಮೇಲೆ ನಡೆದ ಒಂದು ಪ್ರಯೋಗ ಇನ್ನೊಂದು ಕೊಂಡಿಯನ್ನು ತೋರಿಸಿತು. ಮಿದುಳಿನ ಬುಡದಲ್ಲಿರುವ ಉಸಿರಾಟದ ಕೇಂದ್ರದಲ್ಲಿನ ಒಂದು ಸಣ್ಣ ಗುಂಪಿನ ನರಕೋಶಗಳು, ಎಚ್ಚರ ಮತ್ತು ಉದ್ವೇಗಗಳನ್ನು ನಿಯಂತ್ರಿಸುವ ಭಾಗಕ್ಕೆ ಸುದ್ದಿ ಮುಟ್ಟಿಸುತ್ತವೆ. ಆ ಕೋಶಗಳನ್ನು ತೆಗೆದಾಗ ಇಲಿಗಳು ಉಸಿರಾಡುತ್ತಲೇ ಅಸಹಜವಾಗಿ ಶಾಂತವಾದವು.

ಹತ್ತು ಸೆಕೆಂಡಿನ ಜೋಕಾಲಿ

ನಿಮಿಷಕ್ಕೆ 6 ಉಸಿರೇ ಏಕೆ? ಇಲ್ಲಿ ಭೌತಶಾಸ್ತ್ರ ಬರುತ್ತದೆ.

ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಘಟಪ್ರಭೆಗೆ ಅಣೆಕಟ್ಟು ಇದೆ. ಒಂದು ಉದ್ದನೆಯ ಕಾಲುವೆಯನ್ನು ಊಹಿಸಿಕೊಳ್ಳಿ. ಕೊನೆಯ ಹೊಲಕ್ಕೆ ನೀರು ಸಾಲದೆಂದು ಸುದ್ದಿ ಬಂದಾಗ ಮೇಲಿನವನು ತೂಬು ಎತ್ತುತ್ತಾನೆ. ನೀರು ತಲುಪಲು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಅವನು ಇನ್ನಷ್ಟು ಎತ್ತಿರುತ್ತಾನೆ. ಆಮೇಲೆ ನೀರು ಹೆಚ್ಚಾಯಿತೆಂದು ಸುದ್ದಿ ಬರುತ್ತದೆ, ತೂಬು ಇಳಿಸುತ್ತಾನೆ, ಮತ್ತೆ ಕೊರತೆ. ಸುದ್ದಿಗೂ ಕ್ರಿಯೆಗೂ ನಡುವೆ ವಿಳಂಬವಿರುವ ಯಾವುದೇ ವ್ಯವಸ್ಥೆ ಹೀಗೆ ಏರಿಳಿಯುತ್ತದೆ.

ನಮ್ಮ ರಕ್ತದ ಒತ್ತಡದ ವ್ಯವಸ್ಥೆಯೂ ಹೀಗೆಯೇ. ಕುತ್ತಿಗೆಯ ಅಪಧಮನಿಯಲ್ಲಿ ಮತ್ತು ಮಹಾಪಧಮನಿಯಲ್ಲಿ ಒತ್ತಡವನ್ನು ಗ್ರಹಿಸುವ ನರತುದಿಗಳಿವೆ. ಒತ್ತಡ ಏರಿದರೆ ಅವು ಮಿದುಳಿಗೆ ತಿಳಿಸುತ್ತವೆ, ಮಿದುಳು ಹೃದಯವನ್ನು ನಿಧಾನಗೊಳಿಸುತ್ತದೆ. ಅದರ ಪರಿಣಾಮವಾಗಿ ಒತ್ತಡ ಇಳಿಯಲು ಸುಮಾರು 5 ಸೆಕೆಂಡು ಬೇಕು. ಮತ್ತೆ ಏರಲು ಇನ್ನು 5 ಸೆಕೆಂಡು. ಹೀಗೆ ಈ ವ್ಯವಸ್ಥೆಗೆ ಸುಮಾರು 10 ಸೆಕೆಂಡಿನ ಸ್ವಂತ ಆವರ್ತಕಾಲ, ಅಂದರೆ 0.1 ಹರ್ಟ್ಸ್ ಸಹಜ ಆವೃತ್ತಿ ಇದೆ.

ಪಂಚಮಿ ಹಬ್ಬದ ಜೋಕಾಲಿಯನ್ನು ನೆನಪಿಸಿಕೊಳ್ಳಿ. ಹಗ್ಗ 4 ಮೀಟರ್ ಇದ್ದರೆ ಅದರ ಆವರ್ತಕಾಲ ಸುಮಾರು 4 ಸೆಕೆಂಡು. ಪ್ರತಿ 4 ಸೆಕೆಂಡಿಗೊಮ್ಮೆ ಮೆಲ್ಲಗೆ ತಳ್ಳಿದರೂ ಜೋಕಾಲಿ ಮುಗಿಲಿಗೇರುತ್ತದೆ. ಅಡ್ಡಾದಿಡ್ಡಿ ತಳ್ಳಿದರೆ ಏರುವುದಿಲ್ಲ. ಇದೇ ಅನುರಣನೆ. 10 ಸೆಕೆಂಡಿನ ಜೋಕಾಲಿ ಬೇಕಾದರೆ ಹಗ್ಗದ ಉದ್ದ ಎಷ್ಟಿರಬೇಕು? ಲೋಲಕದ ಸೂತ್ರದಿಂದ ಲೆಕ್ಕ ಹಾಕಿ, ಸುಮಾರು 25 ಮೀಟರ್ ಬರುತ್ತದೆ. 52 ಮೀಟರ್ ಎತ್ತರದ ಗೋಕಾಕ ಜಲಪಾತದ ನೆತ್ತಿಯಿಂದ ಅರ್ಧದವರೆಗೆ ಇಳಿಬಿಟ್ಟ ಹಗ್ಗ! ಅಷ್ಟು ನಿಧಾನವಾಗಿ ತೂಗುವ ಜೋಕಾಲಿಯೊಂದು ನಮ್ಮ ಎದೆಯೊಳಗಿದೆ. ನಿಮಿಷಕ್ಕೆ 6 ಸಲ, ಅಂದರೆ 10 ಸೆಕೆಂಡಿಗೆ ಒಂದು ಉಸಿರಾಡಿದಾಗ ನಾವು ಅದನ್ನು ಸರಿಯಾದ ಹೊತ್ತಿಗೆ ತಳ್ಳುತ್ತೇವೆ. ಹೃದಯ ಬಡಿತದ ಏರಿಳಿತ ಗರಿಷ್ಠವಾಗುತ್ತದೆ, ಒತ್ತಡವನ್ನು ನಿಯಂತ್ರಿಸುವ ಪ್ರತಿವರ್ತನೆ ಚುರುಕಾಗುತ್ತದೆ. ಒಬ್ಬೊಬ್ಬರಿಗೆ ಈ ಸಂಖ್ಯೆ ನಾಲ್ಕೂವರೆಯಿಂದ ಆರೂವರೆಯವರೆಗೆ ಬದಲಾಗಬಹುದು.

ಇಟಲಿಯ ಲುಸಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ 23 ಆರೋಗ್ಯವಂತರನ್ನು ಪರೀಕ್ಷಿಸಿದರು. ಲ್ಯಾಟಿನ್ ಭಾಷೆಯ ಜಪಮಾಲೆ ಪ್ರಾರ್ಥನೆಯನ್ನು ಹೇಳಿದಾಗಲೂ, 'ಓಂ ಮಣಿ ಪದ್ಮೇ ಹುಂ' ಮಂತ್ರವನ್ನು ಹೇಳಿದಾಗಲೂ ಉಸಿರು ತಾನಾಗಿಯೇ ನಿಮಿಷಕ್ಕೆ ಸುಮಾರು 6ಕ್ಕೆ ಇಳಿದಿತ್ತು. ಪರಿಣಾಮ ಮತದ್ದಲ್ಲ, ಲಯದ್ದು.

ಮೈಸೂರಿನ ಯೋಗಿಯ ಹೃದಯ ನಿಂತಿತ್ತೇ?

ಯೋಗದ ಉಸಿರನ್ನು ಉಪಕರಣದಿಂದ ಅಳೆಯುವ ಕೆಲಸದಲ್ಲಿ ಕರ್ನಾಟಕಕ್ಕೆ ಹಳೆಯ ನಂಟಿದೆ. ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿದ ಟಿ. ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1930ರ ದಶಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. 1934ರಲ್ಲಿ ಕನ್ನಡದಲ್ಲೇ 'ಯೋಗ ಮಕರಂದ' ಬರೆದರು. ಅದೇ ದಶಕದಲ್ಲಿ ತೆರೇಸ್ ಬ್ರಾಸ್ ಎಂಬ ಫ್ರೆಂಚ್ ಹೃದಯತಜ್ಞೆ ಹೃದಯದ ವಿದ್ಯುತ್ ಲೇಖ ತೆಗೆಯುವ ಯಂತ್ರದೊಡನೆ ಭಾರತಕ್ಕೆ ಬಂದು ಅವರನ್ನು ಪರೀಕ್ಷಿಸಿದರು. ಲೇಖದ ಗೆರೆ ಬಹುತೇಕ ಚಪ್ಪಟೆಯಾಯಿತು. ಯೋಗಿಗಳು ಹೃದಯವನ್ನೇ ನಿಲ್ಲಿಸಬಲ್ಲರೆಂಬ ಸುದ್ದಿ ಹಬ್ಬಿತು.

ಅಮೆರಿಕದ ವೆಂಗರ್ ಮತ್ತು ಬಾಗ್ಚಿ, ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬಿ.ಕೆ. ಆನಂದ್ ಸೇರಿ ಇದನ್ನು ಮತ್ತೆ ಪರಿಶೀಲಿಸಿ 1961ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೃದಯ ನಿಂತಿರಲಿಲ್ಲ. ಉಸಿರು ಕಟ್ಟಿ ಎದೆ, ಹೊಟ್ಟೆಯ ಸ್ನಾಯುಗಳನ್ನು ಬಿಗಿಹಿಡಿದಾಗ ಎದೆಯೊಳಗಿನ ಒತ್ತಡ ಏರಿ, ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಮಣಿಕಟ್ಟಿನ ನಾಡಿ ಸಿಗದು, ಸ್ಟೆತೊಸ್ಕೋಪಿನಲ್ಲಿ ಸದ್ದು ಕೇಳದು. ಹೃದಯ ಮಾತ್ರ ಬಡಿಯುತ್ತಲೇ ಇರುತ್ತದೆ. ಇದರಿಂದ ಕೃಷ್ಣಮಾಚಾರ್ಯರ ಕೌಶಲ ಕಡಿಮೆಯಾಗಲಿಲ್ಲ, ನಮ್ಮ ತಿಳಿವಳಿಕೆ ಹೆಚ್ಚಾಯಿತು.

ಮುಂದೆ ಬೆಂಗಳೂರು ಇಂತಹ ಸಂಶೋಧನೆಯ ಕೇಂದ್ರವಾಯಿತು. ಎಂಜಿನಿಯರ್ ಆಗಿದ್ದ ಎಚ್.ಆರ್. ನಾಗೇಂದ್ರ ಮತ್ತು ವೈದ್ಯೆ ಆರ್. ನಾಗರತ್ನ ಅವರು ಜಿಗಣಿ ಬಳಿ ಕಟ್ಟಿದ ಯೋಗ ಸಂಸ್ಥೆಯಲ್ಲಿ ಅನೇಕ ಅಳತೆಗಳು ನಡೆದವು. 2000ದಲ್ಲಿ ನಿಮ್ಹಾನ್ಸ್‌ನ ವೈದ್ಯರು ತೀವ್ರ ಖಿನ್ನತೆಯ 45 ರೋಗಿಗಳನ್ನು ಮೂರು ಗುಂಪು ಮಾಡಿ ಹೋಲಿಸಿದರು. ಸುದರ್ಶನ ಕ್ರಿಯೆ ಎಂಬ ಉಸಿರಾಟದ ಕ್ರಮ ಅಂದಿನ ಒಂದು ಔಷಧಿಯ ಸಮಕ್ಕೆ ಬಂದಿತು, ವಿದ್ಯುತ್ ಚಿಕಿತ್ಸೆ ಎರಡಕ್ಕಿಂತ ಹೆಚ್ಚು ಫಲ ನೀಡಿತು. ಆದರೆ ಅದು ಆಸ್ಪತ್ರೆಯಲ್ಲಿ, ವೈದ್ಯರ ಕಣ್ಣೆದುರು, ಸಣ್ಣ ಗುಂಪುಗಳಲ್ಲಿ ನಡೆದ ಅಧ್ಯಯನ ಎಂಬುದನ್ನು ಮರೆಯಬಾರದು.

ಗಮನವೂ ಒಂದು ಅಭ್ಯಾಸ

ಇಷ್ಟು ಹೇಳಿದ ಮೇಲೆ ಅನುರಣನೆಯನ್ನೇ ಮಂತ್ರದಂಡ ಮಾಡಿಕೊಳ್ಳಬೇಡಿ. 2023ರಲ್ಲಿ ಇಂಗ್ಲೆಂಡಿನಲ್ಲಿ 400 ಜನರ ಮೇಲೆ ಒಂದು ಪರೀಕ್ಷೆ ನಡೆಯಿತು. ಅರ್ಧ ಜನರು ನಿಮಿಷಕ್ಕೆ ಐದೂವರೆಯಂತೆ, ಇನ್ನರ್ಧ ಜನರು ನಿಮಿಷಕ್ಕೆ 12ರಂತೆ ನಾಲ್ಕು ವಾರ ಉಸಿರಾಟ ಅಭ್ಯಾಸ ಮಾಡಿದರು. ಎರಡೂ ಗುಂಪುಗಳ ಮಾನಸಿಕ ಒತ್ತಡದಲ್ಲಿ ಗುರುತಿಸುವಂತಹ ವ್ಯತ್ಯಾಸ ಕಾಣಲಿಲ್ಲ. ಅಂದರೆ ನಿಧಾನ ಉಸಿರು ನಾಡಿಯನ್ನು ಕೂಡಲೇ ಬದಲಿಸುವುದು ನಿಜವಾದರೂ, ವಾರಗಟ್ಟಲೆಯ ನೆಮ್ಮದಿಯಲ್ಲಿ ದಿನಾಲೂ ಒಂದೆಡೆ ಕುಳಿತು ಉಸಿರಿನ ಕಡೆ ಗಮನವಿಡುವುದಕ್ಕೂ ಪಾಲಿರಬಹುದು.

ಧ್ಯಾನ ಎಂದರೆ ಮುಖ್ಯವಾಗಿ ಇದೇ. ಉಸಿರನ್ನು ಗಮನಿಸುತ್ತೀರಿ. ಅರೆಗಳಿಗೆಯಲ್ಲಿ ಮನಸ್ಸು ಗಣಿತದ ಪತ್ರಿಕೆಯತ್ತ ಓಡುತ್ತದೆ. ಓಡಿತೆಂದು ತಿಳಿದ ಕೂಡಲೇ ಬೈಯದೆ ಮರಳಿ ತರುತ್ತೀರಿ. ಹೀಗೆ ಮರಳಿ ತರುವುದೇ ವ್ಯಾಯಾಮ. ಓಡಿದ್ದು ಸೋಲಲ್ಲ.

ಇದನ್ನು ಒತ್ತಾಯದಿಂದ ಕಲಿಸಿದರೆ ಫಲವಿಲ್ಲ. 2022ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ದೊಡ್ಡ ಅಧ್ಯಯನದಲ್ಲಿ 85 ಶಾಲೆಗಳ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳಿದ್ದರು. ತರಗತಿಯಲ್ಲಿ ಎಲ್ಲರಿಗೂ ಕಲಿಸಿದ ಧ್ಯಾನ, ಮಾಮೂಲಿ ಪಾಠಕ್ಕಿಂತ ಮಕ್ಕಳ ಮನಸ್ಸಿನ ಆರೋಗ್ಯಕ್ಕೆ ಹೆಚ್ಚೇನೂ ನೆರವಾಗಲಿಲ್ಲ. ಬಹುಪಾಲು ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ.

ಕಲಿಯುವ ಕ್ರಮ

1. ಊಟವಾಗಿ ಎರಡು ಮೂರು ಗಂಟೆ ಕಳೆದ ಮೇಲೆ ಬೆನ್ನು ನೇರವಾಗಿಟ್ಟು ಕುಳಿತುಕೊಳ್ಳಿ. ಕುರ್ಚಿಯಾದರೂ ಸರಿ. ಒಂದು ಕೈ ಎದೆಯ ಮೇಲೆ, ಇನ್ನೊಂದು ಹೊಟ್ಟೆಯ ಮೇಲೆ ಇಡಿ. ಹೊಟ್ಟೆಯ ಕೈ ಮಾತ್ರ ಏಳುವಂತೆ ಉಸಿರಾಡಿ. ವಪೆ ಕೆಲಸ ಮಾಡುತ್ತಿದೆ ಎಂಬುದಕ್ಕೆ ಇದೇ ಗುರುತು.

2. ಮೊದಲ ವಾರ 3 ಸೆಕೆಂಡು ಪೂರಕ, 4 ಸೆಕೆಂಡು ರೇಚಕ. ಹಿತವಾದರೆ ನಿಧಾನವಾಗಿ 4 ಮತ್ತು 6ಕ್ಕೆ ಏರಿಸಿ. ಮೂಗಿನಿಂದಲೇ ಉಸಿರಾಡಿ, ತುಂಬ ಆಳಕ್ಕೆ ಎಳೆಯಬೇಡಿ. ತಲೆ ಹಗುರವೆನಿಸಿದರೆ ನೀವು ಅಗತ್ಯಕ್ಕಿಂತ ಹೆಚ್ಚು ಗಾಳಿ ಆಡಿಸುತ್ತಿದ್ದೀರಿ ಎಂದರ್ಥ.

3. ಎಣಿಸಲು ಬೇಸರವಾಗುವ ಮಕ್ಕಳಿಗೆ ಭ್ರಾಮರಿ ಒಳ್ಳೆಯದು. ಬಾಯಿ ಮುಚ್ಚಿ ದುಂಬಿಯಂತೆ ಗುಂಯ್‌ಗುಡುತ್ತ ಉಸಿರು ಬಿಟ್ಟರೆ ರೇಚಕ ತಾನಾಗಿಯೇ ದೀರ್ಘವಾಗುತ್ತದೆ.

4. ಮೂಗಿನ ಹೊಳ್ಳೆಗಳನ್ನು ಬದಲಿಸುವ ನಾಡೀಶೋಧನವನ್ನು ನಂತರ ಕಲಿಯಬಹುದು. ಕುಂಭಕ, ಕಪಾಲಭಾತಿ, ಭಸ್ತ್ರಿಕಾಗಳನ್ನು ಪುಸ್ತಕ ನೋಡಿ, ಮೊಬೈಲ್ ನೋಡಿ ಕಲಿಯಬೇಡಿ. ಬಲ್ಲ ಗುರುಗಳು ಕಪಾಲಭಾತಿಯನ್ನು ಪುಟ್ಟ ಪುಟ್ಟ ಉಸಿರಿನಲ್ಲಿ, ಬಿಡುವು ಕೊಟ್ಟು ಮಾಡಿಸುತ್ತಾರೆ. ಹೃದ್ರೋಗ, ರಕ್ತದ ಏರೊತ್ತಡ, ಮೂರ್ಛೆರೋಗ ಇರುವವರು ಮತ್ತು ಗರ್ಭಿಣಿಯರು ಇವುಗಳ ತಂಟೆಗೆ ಹೋಗಬಾರದು.

5. ದಿನಕ್ಕೆ ಹತ್ತು ನಿಮಿಷ ಸಾಕು. ಪರೀಕ್ಷೆಯ ಹಿಂದಿನ ದಿನ ಶುರುಮಾಡಿದರೆ ಪ್ರಯೋಜನ ಕಡಿಮೆ. ಜೂನ್‌ನಲ್ಲಿ ಕಲಿತದ್ದು ಮಾರ್ಚಿನಲ್ಲಿ ನೆರವಿಗೆ ಬರುತ್ತದೆ.

6. ವಾರಗಟ್ಟಲೆ ನಿದ್ರೆ ಬಾರದ, ಊಟ ಸೇರದ, ಬದುಕು ಬೇಡವೆನ್ನುವ ಮಗುವಿಗೆ ಪ್ರಾಣಾಯಾಮ ಹೇಳಿ ಸುಮ್ಮನಾಗಬೇಡಿ. ಅದಕ್ಕೆ ಬೇಕಾದದ್ದು ವೈದ್ಯರು ಮತ್ತು ನಿಮ್ಮ ಜೊತೆ.

ಮುಂದಿನ ಸಲ ಮಗುವೊಂದು 'ಪ್ರಾಣಾಯಾಮದಿಂದ ಏನಾಗುತ್ತದೆ ಸರ್?' ಎಂದು ಕೇಳಿದರೆ ಆಕ್ಸಿಜನ್ನಿನ ಉತ್ತರ ಕೊಡಬೇಡಿ. ಅದರ ಬಲಗೈಯ ಮೂರು ಬೆರಳುಗಳನ್ನು ಎಡಗೈಯ ಮಣಿಕಟ್ಟಿನ ಮೇಲೆ ಇರಿಸಿ. ನಿಧಾನವಾಗಿ ಉಸಿರು ಬಿಡಲು ಹೇಳಿ. ನಾಡಿ ನಿಧಾನವಾಗುವುದನ್ನು ಅದೇ ಕಂಡುಕೊಳ್ಳಲಿ. ಅಳೆದು ತಿಳಿದದ್ದನ್ನು ಅದು ಮರೆಯುವುದಿಲ್ಲ, ಜೋರಾಗಿ ಉಸಿರಾಡಿ ಬಾವಿಗೆ ಧುಮುಕುವುದೂ ಇಲ್ಲ.